ಅಜ್ಜಿ ಪಾತ್ರೆ ತೊಳೆಯಲು ಹೋದದ್ದು

ಜುಲೈ 21, ಸೋಮವಾರ

ಇಂದು ಬೆಳಿಗ್ಗೆ ನನ್ನ ಸೆರೆವಾಸ ಆರಂಭವಾಯಿತು. ಮುಂದೆ ನನ್ನ ಜೀವನಚರಿತ್ರೆ ಬರೆಯುವವರಿಗೆ ಅನುಕೂಲವಾಗಲೆಂದು ವಿವರಗಳನ್ನು ದಾಖಲಿಸುತ್ತಿದ್ದೇನೆ.

ಸ್ಥಳ: ರೋಮಿನ ಒಂದು ಹಳೆಯ ವಠಾರ. ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ, ಗಾಳಿಯೂ ಇಲ್ಲ. ಜೈಲರ್: ಅಮ್ಮನ ಅಮ್ಮ, ಘನತೆವೆತ್ತ ಸೆತ್ತಿಮಿಯಾ ಅಜ್ಜಿ. ವಯಸ್ಸು ಎಪ್ಪತ್ತೊಂಬತ್ತು. ಮಂಡಿ ಎರಡೂ ಹೋಗಿವೆ, ನಾಲಿಗೆ ಹೋಗಿಲ್ಲ. ಕೈದಿ: ನಾನು, ಫಿಯಾಮ್ಮಾ, ಹದಿನೇಳು.

ಅಪರಾಧ: ನಮ್ಮ ಲ್ಯಾಟಿನ್ ಮೇಷ್ಟ್ರು ಮೂವತ್ತು ವರ್ಷ ಸಾಕಿ ಸಲಹಿದ ಮೀಸೆಯನ್ನು ಜೂನ್ ತಿಂಗಳಲ್ಲಿ ಬೋಳಿಸಿಕೊಂಡರು. ಇಂಥ ದೊಡ್ಡ ಸಾವು ಯಾರ ಗಮನಕ್ಕೂ ಬಾರದೆ ಹೋಗುವುದು ನನಗೆ ಸರಿಕಾಣಲಿಲ್ಲ. ಯಾರಾದರೂ ತೀರಿಕೊಂಡಾಗ ಗೋಡೆಗೆ ಅಂಟಿಸುತ್ತಾರಲ್ಲ, ಕಪ್ಪು ಅಂಚಿನ ಪ್ರಕಟಣೆ, ಅಂಥದ್ದನ್ನೇ ಅಚ್ಚು ಹಾಕಿಸಿ ಶಾಲೆಯ ಸುತ್ತಲಿನ ಬೀದಿಗಳಲ್ಲೆಲ್ಲ ಅಂಟಿಸಿದೆ. ಮೇಷ್ಟ್ರ ಹೆಸರು ದಪ್ಪಕ್ಷರದಲ್ಲಿ, ಮೀಸೆ ಎಂಬ ಪದ ಸಣ್ಣಕ್ಷರದಲ್ಲಿ ಬಿದ್ದದ್ದು ಅಚ್ಚಿನವನ ತಪ್ಪು. ಮೇಷ್ಟ್ರ ಮನೆಗೆ ಹೂವಿನ ಚಕ್ರಗಳು ಬಂದವು. ಪಾದ್ರಿಗಳು ಬಂದರು. ದೂರದ ಊರಿಂದ ಅವರ ಸೋದರತ್ತೆ ರೈಲು ಹತ್ತಿ ಅಳುತ್ತಾ ಬಂದರು, ಬಾಗಿಲು ತೆರೆದ ಮೃತರನ್ನು ನೋಡಿ ಬಿದ್ದರು.

ಶಿಕ್ಷೆ: ಗೆಳತಿಯರ ಜೊತೆ ಸಾರ್ಡೀನಿಯಾ ಪ್ರವಾಸ ರದ್ದು. ಫೋನು ಜಪ್ತಿ. ಸೆಪ್ಟೆಂಬರ್‌ವರೆಗೆ ಅಜ್ಜಿಯ ಮನೆ.

“ಮೆಟ್ಟಿಲಲ್ಲಿ ಬಿದ್ದಾಗಿಂದ ಅವಳನ್ನ ಒಬ್ಬಳೇ ಬಿಡೋ ಹಾಗಿಲ್ಲ. ಒಂದು ಸಲವಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬಾ,” ಎಂದಳು ಅಮ್ಮ.

ಕೈದಿಗಳ ಪದ್ಧತಿಯಂತೆ ಗೋಡೆಯ ಮೇಲೆ ದಿನಕ್ಕೊಂದು ಗೀಟು ಎಳೆಯಬೇಕೆಂದು ಮೊದಲ ಗೀಟು ಎಳೆದೆ. ಜೈಲರ್ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದಳು. ಈಗ ಗೀಟುಗಳು ಬೀರುವಿನ ಹಿಂದೆ.

ಜುಲೈ 24, ಗುರುವಾರ

ಇಲ್ಲಿ ಸೂರ್ಯ ಏರುವ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಲಾಗುತ್ತದೆ. ನಾನೂ ಜೈಲರ್ರೂ ಕತ್ತಲಲ್ಲಿ ಅಣಬೆಗಳಂತೆ ಕೂತಿರುತ್ತೇವೆ. ಮಧ್ಯಾಹ್ನ ಊಟ. ಊಟವಾದ ಮೇಲೆ ಮೂರು ಗಂಟೆ ಕಾಲ ಮೈಗೆ ನೀರು ಸೋಕುವಂತಿಲ್ಲ. ನಾನು ತಲೆ ತೊಳೆಯಲು ಹೋದರೆ ಅಜ್ಜಿ ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾಳೆ.

ಈ ನಿಯಮ ಅಜ್ಜಿಯದಲ್ಲ, ಇಡೀ ದೇಶದ್ದು. ತಿಂದದ್ದು ಅರಗುವ ಮೊದಲು ನೀರಿಗಿಳಿದರೆ ರಕ್ತ ಹೊಟ್ಟೆಯಲ್ಲೇ ಸಿಕ್ಕಿಕೊಂಡು, ಕೈಕಾಲು ಮರಗಟ್ಟಿ, ಮನುಷ್ಯ ಗುಂಡುಕಲ್ಲಿನಂತೆ ತಳ ಸೇರುತ್ತಾನೆ. ದೇವರೇ ಇಲ್ಲ ಎನ್ನುವವರೂ ನಮ್ಮಲ್ಲಿ ಇದನ್ನು ನಂಬುತ್ತಾರೆ.

ಈ ನಿಯಮದಿಂದ ನಮ್ಮ ಮನೆತನಕ್ಕೆ ಒಂದು ವಿಶೇಷ ಕೀರ್ತಿ ಬಂದಿದೆ. ಆಗಸ್ಟ್ ಹದಿನೈದರ ಫೆರಾಗೊಸ್ತೊ ಹಬ್ಬದ ದಿನ ಇಡೀ ರೋಮ್ ಬಾಗಿಲು ಜಡಿದು ನೀರಿದ್ದ ಕಡೆ ಓಡುತ್ತದೆ. ನಾವು ಮಾರ್ತಿನ್ಯಾನೊ ಸರೋವರಕ್ಕೆ ಓಡುತ್ತೇವೆ, ಈಜುವುದಕ್ಕೆ. ನಾನು ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಇದುವರೆಗೆ ನಮ್ಮಲ್ಲೊಬ್ಬರೂ ಒದ್ದೆಯಾಗಿಲ್ಲ. ಹೋದ ಕೂಡಲೇ ದಾರಿಯ ದಣಿವಿಗೆಂದು ಹ್ಯಾಮ್ ಇಟ್ಟ ಬ್ರೆಡ್ಡು. ಅದು ಅರಗುವ ಮೊದಲೇ ಊಟ. ಊಟ ಅರಗುತ್ತಿರುವಾಗ ಕಲ್ಲಂಗಡಿ. ಆಮೇಲೆ ಕಾಫಿ, ಕಾಫಿ ಬರಿದಾಗಿ ಕುಡಿಯಲಾಗುವುದಿಲ್ಲವೆಂದು ಕೇಕು. ಕೊನೆಗೆ ಯಾರೋ ಒಬ್ಬರು ಒಂದು ಪೀಚ್ ಹಣ್ಣು ಕಚ್ಚುತ್ತಾರೆ. ಪ್ರತಿ ಸಲವೂ ಗಡಿಯಾರ ಮೊದಲಿಂದ. ಅಷ್ಟರಲ್ಲಿ ರಸ್ತೆ ತುಂಬುತ್ತದೆ ಎಂದು ಹೊರಡುತ್ತೇವೆ. ಹೀಗಾಗಿ ನನಗೆ ಈಜು ಬರುವುದಿಲ್ಲ. ಗೆಳತಿಯರ ಮುಂದೆ ಬರುತ್ತದೆ.

ಇವತ್ತು ಉತ್ತರದ ತೊರಿನೊ ನಗರದಿಂದ ತುಲ್ಲಿಯಾ ದೊಡ್ಡಮ್ಮನ ಫೋನು. ಅಮ್ಮನಿಗೆ ಅಕ್ಕ, ನಮಗೆಲ್ಲ ಸರ್ಕಾರ.

“ಹದಿನೈದಕ್ಕೆ ಕೆರೆ ಮುಗಿಸ್ಕೊಂಡು ಹದಿನೇಳಕ್ಕೆ ನಿನ್ನ ಕರ್ಕೊಂಡು ಹೊರಡ್ತೀವಿ ಅಮ್ಮಾ. ಇನ್ನು ಆ ಮೆಟ್ಟಿಲ ಸಹವಾಸ ಸಾಕು. ನಮ್ಮಲ್ಲಿ ಲಿಫ್ಟ್ ಇದೆ, ಕೆಳಗೇ ಔಷಧಿ ಅಂಗಡಿ ಇದೆ. ಇನ್ನೇನು ಬೇಕು ನಿಂಗೆ?”

“ಕೆರೆ ಇದ್ಯಾ?”

“ನದಿ ಇದೆ.”

“ಅದರಲ್ಲಿ ಈಜ್ತಾರಾ?”

“ಅಮ್ಮಾ! ಈಜೋಕೆ ನಿಂಗೆಲ್ಲಿ ಬರುತ್ತೆ?”

ಅಜ್ಜಿ ಫೋನಿಟ್ಟು ಸಾರಿಗೆ ಉಪ್ಪು ಹಾಕಿದಳು. ಆಮೇಲೆ ಇನ್ನೊಂದು ಸಲ ಹಾಕಿದಳು. ನಾನು ನೋಡಿಯೂ ಹೇಳಲಿಲ್ಲ. ರಾತ್ರಿ ಇಬ್ಬರೂ ಒಂದೊಂದು ಬಾವಿ ನೀರು ಕುಡಿದೆವು.

ಜುಲೈ 30, ಬುಧವಾರ

ಸೆಕೆ. ಸಾರ್ಡೀನಿಯಾದಲ್ಲಿ ಅವರೆಲ್ಲ ಈಗ ಕಂದುಬಣ್ಣಕ್ಕೆ ತಿರುಗಿರುತ್ತಾರೆ. ನಾನು ಅಣಬೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸುಳ್ಳಿದೆ. ಹದಿನಾರನೇ ವಯಸ್ಸಿನಲ್ಲಿ ಅಜ್ಜಿ ಮಾರ್ತಿನ್ಯಾನೊ ಸರೋವರವನ್ನು ಈ ದಡದಿಂದ ಆ ದಡಕ್ಕೆ ಈಜಿದ್ದಳಂತೆ. ಕ್ರಿಸ್‌ಮಸ್‌ಗೆ ಎರಡು ಗ್ಲಾಸ್ ವೈನ್ ಒಳಗೆ ಹೋದರೆ ಹೇಳುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬೇರೆ ಕೆಲಸವಿಲ್ಲದ್ದರಿಂದ ಇವತ್ತು ನಾನು ಅದರ ವಿಚಾರಣೆ ನಡೆಸಿದೆ. ಸುಳ್ಳನ್ನು ಪತ್ತೆಹಚ್ಚುವುದರಲ್ಲಿ ನನ್ನಷ್ಟು ಅನುಭವವಿರುವವರು ಈ ವಠಾರದಲ್ಲಿಲ್ಲ.

ಅಜ್ಜಿಯ ಅಪ್ಪ ಸರೋವರದ ಸುತ್ತಲಿನ ಗುಡ್ಡದ ಇಳಿಜಾರಿನಲ್ಲಿ ಕುರಿ ಮೇಯಿಸುತ್ತಿದ್ದರು. ಇವಳು ಅವರಿಗೆ ಬುತ್ತಿ ಒಯ್ಯುತ್ತಿದ್ದಳು. ಅಷ್ಟು ಸರಿ. ಈಜಿದ್ದು?

“ಮೇಲೆ ಬೆಚ್ಚಗಿರುತ್ತೆ ಕಣೇ. ನಡುವೆ ಹೋಗಿ ಕಾಲು ಕೆಳಗೆ ಬಿಟ್ಯೋ, ಐಸ್ ಕೈಲಿ ಯಾರೋ ಪಾದ ಹಿಡ್ಕೊಂಡ ಹಾಗೆ. ಹೆದರಿ ಬೇಗ ಬೇಗ ಈಜಿದೆ.”

“ಆ ದಡ ಮುಟ್ಟಿದಾಗ?”

“ಏನು ಮುಟ್ಟಿದಾಗ? ಯಾರಿದ್ರು ಅಲ್ಲಿ ನೋಡೋಕೆ? ಒಂದು ಕುರಿ ಇತ್ತು. ಚಪ್ಪಲಿ ಈ ದಡದಲ್ಲೇ ಉಳೀತು. ವಾಪಸ್ ಈಜೋಕೆ ಉಸಿರೆಲ್ಲಿ? ಆ ಕಪ್ಪು ಮರಳಲ್ಲಿ ಬರಿಗಾಲಲ್ಲಿ ಕೆರೆ ಸುತ್ತು ಹಾಕ್ಕೊಂಡು ಬಂದೆ. ಅಂಗಾಲೆಲ್ಲ ಬೊಬ್ಬೆ. ಅಪ್ಪ ಹೊಡೆದ್ರು.”

ನಾನಾಗಿದ್ದರೆ ಗುಡುಗು ಸೇರಿಸುತ್ತಿದ್ದೆ. ಕನಿಷ್ಠ ಒಂದು ಹಾವು. ಚಪ್ಪಲಿ ನನಗೆ ಹೊಳೆಯುತ್ತಿರಲಿಲ್ಲ. ಸುಳ್ಳು ಹೇಳುವವರಿಗೆ ಚಪ್ಪಲಿ ಎಲ್ಲಿ ಉಳಿಯಿತು ಎಂಬುದು ನೆನಪಾಗುವುದಿಲ್ಲ.

ನ್ಯಾಯಾಲಯದ ತೀರ್ಪು: ನಿಜ.

ಆಗಸ್ಟ್ 2, ಶನಿವಾರ

ನನ್ನ ಅಹಂಕಾರಕ್ಕೆ ಇಂದು ಪೆಟ್ಟು ಬಿತ್ತು. ಈ ಮನೆತನದ ದೊಡ್ಡ ಕಿಲಾಡಿ ನಾನೆಂದುಕೊಂಡಿದ್ದೆ. ಅಲ್ಲ.

ಬಟಾಣಿ ಸುಲಿಯುತ್ತಾ ಕೇಳಿದೆ: “ಅಷ್ಟು ಚೆನ್ನಾಗಿ ಬರ್ತಿತ್ತು ಅಂದ್ರೆ ಯಾಕೆ ಬಿಟ್ಟೆ?”

“ಬಿಟ್ಟೆ ಅಂತ ಯಾರು ಹೇಳಿದ್ದು?”

ನಂತರ ಹೊರಬಿದ್ದ ವಿವರಗಳು ಇವು. ಅಮ್ಮನೂ ದೊಡ್ಡಮ್ಮನೂ ಚಿಕ್ಕವರಿದ್ದಾಗ ಫೆರಾಗೊಸ್ತೊ ದಿನ ಅಜ್ಜಿ ಎಲ್ಲರಿಗೂ ಗಂಟಲವರೆಗೆ ಬಡಿಸುತ್ತಿದ್ದಳು. ತಾನು ಮಾತ್ರ ಬಡಿಸುವ ಗಡಿಬಿಡಿಯಲ್ಲಿ ಬಾಯಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ಯಾರೂ ಗಮನಿಸುತ್ತಿರಲಿಲ್ಲ, ಅಡುಗೆ ಮಾಡಿದವಳು ತಿಂದಳೋ ಎಂದು ಯಾರು ನೋಡುತ್ತಾರೆ? “ಮೂರು ಗಂಟೆ ಯಾರೂ ನೀರು ಮುಟ್ಟೋ ಹಾಗಿಲ್ಲ!” ಎಂದು ಆಜ್ಞೆ ಹೊರಡಿಸುವಳು. ತಾತನೂ ಮಕ್ಕಳೂ ಓಕ್ ಮರದ ನೆರಳಲ್ಲಿ ಗೊರಕೆ ಹೊಡೆಯುವರು. ಆಗ ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡು, “ನಾನು ಪಾತ್ರೆ ತೊಳೆದು ಬರ್ತೀನಿ” ಎಂದು ಜೊಂಡಿನ ಹಿಂದೆ ಹೋಗುವಳು. ಊಟದ ಟ್ರೇಯನ್ನು ಕಲ್ಲಿನ ಮೇಲಿಟ್ಟು ನೀರಿಗಿಳಿಯುವಳು.

“ಎಷ್ಟು ವರ್ಷ?”

“ನಿಮ್ಮ ತಾತ ಇರೋವರೆಗೂ. ಆಮೇಲೆ ಇವರು ದೊಡ್ಡವರಾದ್ರಲ್ಲ, ‘ಅಮ್ಮಾ ನೀನು ಕೂತ್ಕೋ, ನೀನು ತಿನ್ನು, ಪಾತ್ರೆ ನಾವು ನೋಡ್ಕೋತೀವಿ’ ಅಂತ ಶುರು ಮಾಡಿದ್ರು.” ಒಂದು ಬಟಾಣಿ ಬಾಯಿಗೆ ಎಸೆದುಕೊಂಡಳು. “ಅಕ್ಕರೆ. ಏನು ಮಾಡೋಕಾಗುತ್ತೆ.”

ಇಡೀ ಒಂದು ದೇಶದ ಭಯವನ್ನು ತನ್ನ ಸ್ನಾನದ ಪರದೆ ಮಾಡಿಕೊಂಡ ಈ ಹೆಂಗಸಿನ ಮುಂದೆ ನನ್ನ ಮೀಸೆಯ ಪ್ರಕಟಣೆ ಬರೀ ಕಾಗದ. ಎದ್ದು ನಿಂತು ತಲೆಬಾಗಿದೆ.

“ಕೂತ್ಕೊಳೇ, ಬಟಾಣಿ ಚೆಲ್ತೀಯಾ.” ಆಮೇಲೆ, ಬಟಾಣಿ ನೋಡುತ್ತಲೇ: “ತೊರಿನೊಗೆ ಹೋಗೋ ಮೊದಲು ಒಂದು ಸಲ ಇಳೀಬೇಕು. ಒಬ್ಬಳಿಗೆ ಆಗಲ್ಲ. ಈ ಮಂಡಿ ಕಲ್ಲು ದಾಟಲ್ಲ.”

ನಾನು ಆಲೋಚಿಸುತ್ತೇನೆ ಎಂದೆ. ಆಲೋಚಿಸುವುದೇನೂ ಇರಲಿಲ್ಲ, ಆದರೆ ದರ ಇಳಿಸಿಕೊಳ್ಳಬಾರದು.

ಆಗಸ್ಟ್ 6, ಬುಧವಾರ

ಅಜ್ಜಿಯ ಹಳೆಯ ಈಜುಡುಪು ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಪ್ಪಳದಂತೆ ಮುರಿಯಿತು. ಹೊಸದು ತರಲು ಇಡೀ ಪೇಟೆ ಸುತ್ತಿದೆ. ಎಲ್ಲ ಅಂಗಡಿಗಳ ಮೇಲೂ ‘ರಜೆಯ ನಿಮಿತ್ತ ಮುಚ್ಚಿದೆ’. ಒಂದು ಚೀನೀಯರ ಅಂಗಡಿ ಮಾತ್ರ ತೆರೆದಿತ್ತು. ಅಜ್ಜಿಯ ಅಳತೆಯಲ್ಲಿ ಉಳಿದಿದ್ದು ಒಂದೇ: ಚಿರತೆ ಚುಕ್ಕೆಯದು.

ಅಜ್ಜಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು.

“ಕಪ್ಪು ಇರಲಿಲ್ವಾ?”

“ಇರಲಿಲ್ಲ.”

“ಸುಳ್ಳು.”

“ದೇವರಾಣೆಗೂ ಇರಲಿಲ್ಲ ಅಜ್ಜಿ.”

ಒಮ್ಮೆಯಾದರೂ ನಾನು ನಿಜ ಹೇಳುತ್ತಿದ್ದೆ, ಆದರೆ ಯಾರು ನಂಬಬೇಕು. ಅಜ್ಜಿ ಒಳಗೆ ಹೋಗಿ ಹಾಕಿಕೊಂಡು ನೋಡಿದಳು. ಕನ್ನಡಿಯ ಮುಂದೆ ಯಾವುದೋ ಹಾಡು ಗುನುಗುವುದು ಕೇಳಿಸಿತು. ಹೊರಗೆ ಬಂದು, “ಪರವಾಗಿಲ್ಲ,” ಎಂದಳು.

ಗೀಟು ಎಳೆಯುವುದು ಎರಡು ದಿನದಿಂದ ಮರೆತುಹೋಗಿದೆ. ಕೆಲಸ ಜಾಸ್ತಿ.

ಆಗಸ್ಟ್ 10, ಭಾನುವಾರ

ತಾಲೀಮು ನಡೆಸಿದೆವು. ಸಂಪೂರ್ಣ ಸೋಲು.

ನಮ್ಮ ಮೊದಲ ಯೋಜನೆ ಸರಳವಾಗಿತ್ತು: ಅಜ್ಜಿ ಆ ದಿನ ಹಸಿವಿಲ್ಲ ಎಂದು ಹೇಳುವುದು. ಹೇಗಿರುತ್ತದೆ ನೋಡೋಣವೆಂದು ಇವತ್ತು ಅಮ್ಮ ಊಟಕ್ಕೆ ಬಂದಾಗ ಅಜ್ಜಿ ತಟ್ಟೆ ಸರಿಸಿ, “ಬೇಡ, ಹಸಿವಿಲ್ಲ,” ಎಂದಳು.

ಅಮ್ಮ ಫೋರ್ಕ್ ಕೆಳಗಿಟ್ಟಳು. “ಎದೆ ನೋಯ್ತಿದ್ಯಾ?”

“ಇಲ್ಲ.”

“ಎಡಗೈ ಎತ್ತು. ನಗು. ಅಮ್ಮಾ, ನಗು ಅಂದೆ!”

ಅಜ್ಜಿ ನಕ್ಕಳು. ಅದು ಇನ್ನೂ ಕೆಟ್ಟದಾಯಿತು. ಸ್ವಲ್ಪ ಹೊತ್ತಿಗೆ ರಜೆಯ ಪಾಳಿಯ ಡಾಕ್ಟರು ನಾಲ್ಕು ಮಹಡಿ ಹತ್ತಿ ಬೆವರಿನಲ್ಲಿ ಮಿಂದು ಒಳಬಂದರು. ರಕ್ತದೊತ್ತಡ ನೋಡಿದರು, ನಾಲಿಗೆ ನೋಡಿದರು. ರೋಗಿಗಿಂತ ಅವರ ಸ್ಥಿತಿಯೇ ಗಂಭೀರವಾಗಿತ್ತು. ಅಜ್ಜಿ ಅವರನ್ನು ಕೂರಿಸಿ ತನ್ನ ತಟ್ಟೆಯನ್ನು ಅವರ ಮುಂದೆ ಇಟ್ಟಳು. ಅವರು ತಿಂದು, ಬ್ರೆಡ್ಡಿನಿಂದ ತಟ್ಟೆ ಒರೆಸಿ, “ತಾಯಿ ಆರೋಗ್ಯವಾಗಿದಾರೆ,” ಎಂದು ಹೋದರು. ಅಮ್ಮ ನಂಬಲಿಲ್ಲ. ಅಜ್ಜಿ ಎರಡು ತಟ್ಟೆ ತಿಂದು ತೋರಿಸುವವರೆಗೂ ಏಳಲಿಲ್ಲ.

ಪರಿಸ್ಥಿತಿಯ ಸಾರಾಂಶ: ಅಜ್ಜಿ ತಿಂದರೆ ನೀರಿಗಿಳಿಯಲು ಬಿಡುವುದಿಲ್ಲ. ತಿನ್ನದಿದ್ದರೆ ಆಸ್ಪತ್ರೆಗೆ ಒಯ್ಯುತ್ತಾರೆ.

ಆಗಸ್ಟ್ 13, ಬುಧವಾರ

ತುಲ್ಲಿಯಾ ದೊಡ್ಡಮ್ಮ, ಗ್ವಾಲ್ತಿಯೆರೊ ದೊಡ್ಡಪ್ಪ ಬಂದರು. ದೊಡ್ಡಪ್ಪ ಎಲ್ಲದಕ್ಕೂ “ಹೂಂ” ಎನ್ನುತ್ತಾರೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಬೇರೆ ಪದದ ಅಗತ್ಯ ಬಿದ್ದಿಲ್ಲ. ದೊಡ್ಡಮ್ಮ ಬಂದವಳೇ ಬೀರು ತೆರೆದು ಏನೇನು ತೊರಿನೊಗೆ ಬರುತ್ತದೆ, ಏನೇನು ಬರುವುದಿಲ್ಲ ಎಂದು ತೀರ್ಮಾನಿಸತೊಡಗಿದಳು. ಎರಡು ಸೂಟ್‌ಕೇಸ್ ತಂದಿದ್ದಾಳೆ. ಎಪ್ಪತ್ತೊಂಬತ್ತು ವರ್ಷಕ್ಕೆ ಎರಡು ಸೂಟ್‌ಕೇಸ್.

ಚಿರತೆಯನ್ನು ನಾನು ನನ್ನ ದಿಂಬಿನೊಳಗೆ ಬಚ್ಚಿಟ್ಟಿದ್ದೇನೆ.

ಹೊಸ ಯೋಜನೆ: ಅಜ್ಜಿಯ ತಟ್ಟೆ ಖಾಲಿಯಾಗಬೇಕು, ಅಜ್ಜಿಯ ಹೊಟ್ಟೆ ಖಾಲಿ ಇರಬೇಕು. ನಡುವೆ ಒಂದು ಹೊಟ್ಟೆ ಬೇಕು. ಅದು ನನ್ನದು.

ಆಗಸ್ಟ್ 14, ಗುರುವಾರ

ಅಜ್ಜಿ ದೊಣ್ಣೆಮೆಣಸಿನಕಾಯಿ ಹಾಕಿದ ಕೋಳಿ ಮಾಡುತ್ತಿದ್ದಾಳೆ. ಚೀಸ್ ಹಾಕಿ ಬೇಯಿಸುವ ಲಸಾನ್ಯಾ ದೊಡ್ಡ ಟ್ರೇಯಲ್ಲಿ. ಎಲ್ಲವನ್ನೂ ನಾನು ಎರಡು ಸಲ ತಿನ್ನಬೇಕು, ನಂತರ ಅವಳಿಗೆ ಭುಜ ಕೊಟ್ಟು ನೀರಿಗಿಳಿಯಬೇಕು. ನಿಯಮ ನಿಜವಾಗಿದ್ದರೆ ಇದೇ ನನ್ನ ಕೊನೆಯ ಬರಹ. ನನ್ನ ಸೈಕಲ್ಲು ಯಾರಿಗೂ ಕೊಡಬೇಡಿ.

ಆಗಸ್ಟ್ 15, ಶುಕ್ರವಾರ

ಬದುಕಿದ್ದೇನೆ. ಕ್ರಮವಾಗಿ ಬರೆಯುತ್ತೇನೆ.

ಗಾಡಿಯನ್ನು ಗುಡ್ಡದ ಮೇಲೆಯೇ ನಿಲ್ಲಿಸಬೇಕು. ಅಲ್ಲಿಂದ ನೀರಿನವರೆಗೆ ಕಡಿದಾದ ಇಳಿಜಾರು. ಅಲ್ಲಿನ ಕುರಿಹಟ್ಟಿಯವನು ಪ್ರತಿ ವರ್ಷದಂತೆ ಅಜ್ಜಿಯನ್ನು ಟ್ರಾಕ್ಟರಿನ ಟ್ರೇಲರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಟ್ರೇಲರಿನ ಅಂಚಿನ ಮೇಲೆ. ಮೆರವಣಿಗೆಯಲ್ಲಿ ಹೊರಟ ಸಂತಳಂತೆ ಕುಲುಕುತ್ತಾ ಇಳಿದಳು. ನಾನು ಹಿಂದೆ ಟ್ರೇ ಹೊತ್ತು ನಡೆದೆ. ನಿಲುವಂಗಿಯ ಕೊರಳಿನಿಂದ ಒಂದೇ ಒಂದು ಚಿರತೆ ಚುಕ್ಕೆ ಇಣುಕುತ್ತಿತ್ತು. ಕೊಡೆ ಸರಿಪಡಿಸುವ ನೆಪದಲ್ಲಿ ಮುಚ್ಚಿದೆ.

ನಾನು ಅಜ್ಜಿಯ ಪಕ್ಕದಲ್ಲೇ ಕೂತೆ. ಮೊದಲು ದಾರಿಯ ದಣಿವಿನ ಬ್ರೆಡ್ಡು: ನನ್ನದು ತಿಂದೆ, ಅವಳದು ತಿಂದೆ. ಲಸಾನ್ಯಾ ಬಂತು. “ಕಣಜ!” ಎಂದು ಕೂಗಿದೆ, ಎಲ್ಲರೂ ಕೈಬೀಸುವಷ್ಟರಲ್ಲಿ ತಟ್ಟೆ ಅದಲುಬದಲು. ದೊಡ್ಡಮ್ಮ ಅಜ್ಜಿಯ ಖಾಲಿ ತಟ್ಟೆ ನೋಡಿ ಸಂತೋಷಪಟ್ಟು ಮತ್ತೆ ಬಡಿಸಿದಳು. ಈ ಅಪಾಯವನ್ನು ನಾವು ಊಹಿಸಿರಲಿಲ್ಲ. ಮತ್ತೆ ಕಣಜ ಬಂತು. ಕೋಳಿಗೆ ಬಂತು. ಕಲ್ಲಂಗಡಿಗೆ ಬಂತು.

“ಈ ವರ್ಷ ಏನು ಕಣಜಾನಪ್ಪಾ!” ಎಂದಳು ಅಮ್ಮ.

“ಹೂಂ,” ಎಂದರು ದೊಡ್ಡಪ್ಪ.

ಕೊನೆಯ ಹೋಳು ನುಂಗುವಾಗ ನನ್ನ ಕಣ್ಣಿಂದ ನೀರು ಬಂತು. ಅಜ್ಜಿ ಮೇಜಿನ ಕೆಳಗೆ ನನ್ನ ತೊಡೆ ತಟ್ಟಿದಳು, ಹೆರಿಗೆ ಕೋಣೆಯಲ್ಲಿ ತಟ್ಟುತ್ತಾರಲ್ಲ ಹಾಗೆ.

ಅವರೆಲ್ಲ ಓಕ್ ಮರದ ಕೆಳಗೆ ಉರುಳಿಕೊಂಡರು. ಅಜ್ಜಿ ಟ್ರೇ ಎತ್ತಿಕೊಂಡಳು.

“ನಾನು ಪಾತ್ರೆ ತೊಳೆದು ಬರ್ತೀನಿ. ಫಿಯಾಮ್ಮಾ, ಬಾರೇ, ಕೈ ಹಿಡ್ಕೋ.”

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ, “ಅಮ್ಮಾ, ಮನೇಲಿ ತೊಳೆದ್ರಾಯ್ತು,” ಎಂದಳು.

“ಚೀಸ್ ಅಂಟ್ಕೊಂಡಿದೆ. ಒಣಗಿದ್ರೆ ಬಿಡಲ್ಲ.”

ದೊಡ್ಡಮ್ಮ ಮಗ್ಗುಲು ಬದಲಿಸಿದಳು.

ಜೊಂಡಿನ ಹಿಂದೆ ಅಜ್ಜಿ ನಿಲುವಂಗಿ ಕಳಚಿದಳು. ಇಡೀ ಸರೋವರ ದುಂಡಗೆ, ಅಲುಗಾಡದೆ ಬಿದ್ದಿತ್ತು. ಒಂದು ಕಾಲದಲ್ಲಿ ಇದು ಜ್ವಾಲಾಮುಖಿ ಬೆಟ್ಟದ ಬೆಂಕಿ ಕಾರುವ ಬಾಯಿ. ತಿಂದದ್ದೆಲ್ಲ ಅರಗಿಸಿಕೊಂಡು, ಯುಗಗಟ್ಟಲೆ ಕಾದು, ಪೂರ್ತಿ ತಣ್ಣಗಾದ ಮೇಲೆಯೇ ನೀರು ತುಂಬಿಕೊಂಡಿತು. ಆ ಬೆಟ್ಟಕ್ಕೂ ನಿಯಮ ಗೊತ್ತಿತ್ತು. ನಾನು ಮಾತ್ರ ಆಗತಾನೇ ಎಂಟು ಜನರ ಊಟ ಮಾಡಿ ನಿಂತಿದ್ದೆ.

ನಾನು ಈ ನಿಯಮ ನಂಬುವುದಿಲ್ಲ. ನನ್ನ ಕಾಲುಗಳು ನಂಬುತ್ತವೆಂದು ಅಲ್ಲಿ ಗೊತ್ತಾಯಿತು. ಅವು ದಡ ಬಿಟ್ಟು ಅಲುಗಲಿಲ್ಲ.

ಅಜ್ಜಿ ನೋಡಿದಳು. “ನೀನು ಬೇಡ. ನೀನು ತಿಂದಿದ್ದು ನಂಗೊತ್ತಲ್ಲ. ಆ ಕಲ್ಲಿನವರೆಗೆ ಬಾ ಸಾಕು.”

“ಕಲ್ಲಾದ ಮೇಲೆ ಜಾರುತ್ತೆ.”

“ಜಾರಿದ್ರೆ ನೀರಿಗೆ ತಾನೇ ಬೀಳೋದು.”

“ಸುಮ್ನೆ ನಡಿ ಅಜ್ಜಿ,” ಎಂದು ನನ್ನ ಭುಜದ ಮೇಲೆ ಅವಳ ಕೈ ಎಳೆದು ಇಟ್ಟುಕೊಂಡೆ.

ಮೆಟ್ಟಿಲಿಳಿಯುವಾಗ ಅವಳು ಹೇಗೆ ಭಾರ ಹಾಕುತ್ತಾಳೆಂದು ಇಷ್ಟು ದಿನದಲ್ಲಿ ನನ್ನ ಎಡಭುಜಕ್ಕೆ ಗೊತ್ತಾಗಿದೆ. ಹೆಜ್ಜೆಗೊಮ್ಮೆ ನರಳುತ್ತಾಳೆ, ನಾನು ನಿಲ್ಲುತ್ತೇನೆ. ಮೊಣಕಾಲವರೆಗೂ ಹಾಗೆಯೇ ಹೋದೆವು. ಸೊಂಟದವರೆಗೆ ನೀರು ಬಂದಾಗ ಭುಜದ ಮೇಲಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಬಿದ್ದಳೆಂದುಕೊಂಡು ತಿರುಗಿದೆ. ಬಿದ್ದಿರಲಿಲ್ಲ. ಹೊರಟುಹೋಗಿದ್ದಳು. ಬಿಳಿ ತಲೆ ಆಗಲೇ ದೂರದಲ್ಲಿ, ಹಿಂದೆ ನೀರಿನಲ್ಲಿ ಒಂದು ಗೆರೆ, ಸದ್ದೇ ಇಲ್ಲ. ಚಿರತೆ ಚುಕ್ಕೆಗಳು ಬಿಸಿಲಿನ ಚುಕ್ಕೆಗಳ ಜೊತೆ ಬೆರೆತು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ನಾನು ಎಷ್ಟು ಹೊತ್ತು ಬಾಯಿ ತೆರೆದು ನಿಂತಿದ್ದೆನೋ. ಸುತ್ತು ಹಾಕಿ ಬಂದು ನನ್ನ ಮುಂದೆ ತೇಲುತ್ತಾ ಮುಖ ಒರೆಸಿಕೊಂಡಳು. ಉಸಿರು ಕೂಡ ಹೆಚ್ಚಾಗಿರಲಿಲ್ಲ.

“ಏನೇ ಗೂಟದ ಹಾಗೆ ನಿಂತಿದ್ದೀಯಾ? ಬಾ.”

“ನಂಗೆ ಬರಲ್ಲ ಅಜ್ಜಿ.” ಇದನ್ನು ಹೇಳಿದ್ದು ಜೀವನದಲ್ಲೇ ಮೊದಲು.

“ಗೊತ್ತು. ಬಾ.”

ಒಂದು ಹೆಜ್ಜೆ ಇಟ್ಟೆ, ನೆಲ ಮುಗಿಯಿತು. ಕಾಲು ಬಡಿದೆ, ನೀರು ಕುಡಿದೆ. ಅವಳ ಅಂಗೈ ನನ್ನ ಬೆನ್ನ ಕೆಳಗೆ ಬಂತು.

“ನೀರನ್ನ ತುಳೀಬೇಡ್ವೇ, ಅದು ಮೆಟ್ಟಿಲಲ್ಲ. ಮಲಕ್ಕೋ. ಕಿವಿ ಮುಳುಗಿದ್ರೆ ಮುಳುಗ್ಲಿ.”

ಕಿವಿ ಮುಳುಗಿತು. ಜಗತ್ತಿನ ಸದ್ದೆಲ್ಲ ನಿಂತಿತು. ಮೇಲೆ ಆಕಾಶ, ಕೆಳಗೆ ಲಸಾನ್ಯಾ ತುಂಬಿದ ನಾನು. ತೇಲಿದೆ. ಅವಳು ಕೈ ಯಾವಾಗ ತೆಗೆದಳೋ ಗೊತ್ತಾಗಲಿಲ್ಲ.

ಆ ಗಳಿಗೆಯಲ್ಲಿ ಕಲ್ಲಿನ ಮೇಲಿದ್ದ ಟ್ರೇ ಜಾರಿ ನೀರಿಗಿಳಿದು, ಜೊಂಡು ದಾಟಿ, ದೋಣಿಯಂತೆ ಹೊರಟಿದ್ದು ನಮಗಿಬ್ಬರಿಗೂ ಕಾಣಲಿಲ್ಲ. ದೊಡ್ಡಮ್ಮನಿಗೆ ಕಂಡಿತು. ಎದ್ದು ಕೂತವಳ ಕಣ್ಣಿಗೆ ಕೆರೆಯ ನಡುವೆ ತೇಲುತ್ತಿರುವ ಖಾಲಿ ಟ್ರೇ. ತೊಳೆಯಲು ಹೋದ ಅಮ್ಮ ಇಲ್ಲ.

ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಅದು ಅವಳ ಸರ್ಕಾರಿ ದನಿಯಲ್ಲ, ಯಾವುದೋ ಚಿಕ್ಕ ಹುಡುಗಿಯದು. “ಅಮ್ಮಾ!” ಎಂದು ಕೂಗುತ್ತಾ ಜೊಂಡು ಸೀಳಿಕೊಂಡು, ಚಪ್ಪಲಿ, ಗಡಿಯಾರ, ಇಸ್ತ್ರಿ ಮಾಡಿದ ಬಿಳಿ ಉಡುಪು ಸಮೇತ ನೀರಿಗೆ ನುಗ್ಗಿದಳು. ಕಲ್ಲಂಗಡಿ ತಿಂದು ಒಂದು ಗಂಟೆಯೂ ಆಗಿರಲಿಲ್ಲ. ಎದೆಮಟ್ಟಕ್ಕೆ ಬಂದು ನೀರನ್ನು ಎರಡೂ ಕೈಯಲ್ಲಿ ಬಗೆದು ಹುಡುಕತೊಡಗಿದಳು.

ಅಜ್ಜಿ ಅವಳ ಹಿಂದಿನಿಂದ ಈಜಿ ಬಂದಳು.

“ಯಾಕೇ ಹಾಗೆ ಕಿರುಚ್ತೀಯಾ? ಗ್ವಾಲ್ತಿಯೆರೊ ಎದ್ದಾನು.”

ದೊಡ್ಡಮ್ಮ ತಿರುಗಿದಳು. ತಾಯಿಯ ಮುಖ ನೋಡಿದಳು, ಚಿರತೆ ನೋಡಿದಳು, ತೇಲುತ್ತಿದ್ದ ನನ್ನನ್ನೂ ನೋಡಿದಳು.

“ಈಜ್ತಾ ಇದೀಯಾ ನೀನು.”

“ಹೂಂ.”

“ಊಟ ಮಾಡಿಬಿಟ್ಟು!”

“ಮಾಡಿಲ್ಲ. ಎಲ್ಲಾ ಇವಳೇ ತಿಂದಿದ್ದು.”

“ಏನು? ಬೆಳಿಗ್ಗೆಯಿಂದ ಏನೂ ತಿಂದಿಲ್ವಾ? ಈ ವಯಸ್ಸಲ್ಲಿ? ಬರೀ ಹೊಟ್ಟೇಲಿ?” ಎಂದು ದೊಡ್ಡಮ್ಮ ಕಂಗಾಲಾದಳು. ಮುಳುಗಿದ್ದಕ್ಕಿಂತ ದೊಡ್ಡ ಅನಾಹುತ ಈಗ ಬೆಳಕಿಗೆ ಬಂದಿತ್ತು. ಬಯ್ಯುತ್ತಾ ಬಯ್ಯುತ್ತಾ ಫಕ್ಕನೆ ನಿಂತಳು.

“ಹಾಗಾದ್ರೆ... ಆಗೆಲ್ಲಾ... ಪಾತ್ರೆ ತೊಳೆಯೋಕೆ ಅಂತ ಹೋಗ್ತಿದ್ಯಲ್ಲ.”

ಅಜ್ಜಿ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು.

“ನಾನು ಅಳ್ತಿದ್ದೆ ಅಮ್ಮಾ. ಮರದ ಕೆಳಗೆ ಮಲಗಿ ಅಳ್ತಿದ್ದೆ. ನಾನೂ ನೀರಿಗೆ ಹೋಗ್ಬೇಕು ಅಂತ. ಮೂರು ಗಂಟೆ ಅಂತಿದ್ದೆ ನೀನು.”

ನಾನಿದ್ದಿದ್ದರೆ ಈಗೊಂದು ತಮಾಷೆ ಹೇಳುತ್ತಿದ್ದೆ. ಇದ್ದೆ. ಹೇಳಲಿಲ್ಲ.

“ಅಂತಿದ್ದೆ,” ಎಂದಳು ಅಜ್ಜಿ. “ವರ್ಷಕ್ಕೆ ಒಂದು ದಿನ, ಅಷ್ಟು ಹೊತ್ತು, ಯಾರೂ ನನ್ನ ಅಮ್ಮಾ ಅಂತ ಕರೀಬಾರ್ದು ಅನ್ನಿಸ್ತಿತ್ತು.” ಕೈಚಾಚಿದಳು. “ಈಗ ಕೈ ಕೊಡು. ಗಡಿಯಾರ ಬಿಚ್ಚು, ಹಾಳಾಗುತ್ತೆ.”

“ಆಗ್ಲೇ ಹಾಳಾಗಿದೆ,” ಎಂದಳು ದೊಡ್ಡಮ್ಮ. ಕೈ ಕೊಟ್ಟಳು.

ಅವರಿಬ್ಬರನ್ನೂ ಬಿಟ್ಟು ನಾನು ಟ್ರೇಯ ಹಿಂದೆ ಹೋದೆ. ನಾಯಿಯಂತೆ ಕೈಕಾಲು ಬಡಿದು ಹಿಡಿದೆ. ಅದನ್ನೇ ತಬ್ಬಿಕೊಂಡು ದಡಕ್ಕೆ ಬಂದೆ. ನನ್ನ ಮೊದಲ ಈಜಿಗೆ ಲಸಾನ್ಯಾ ಟ್ರೇಯೇ ಸಾಕ್ಷಿ. ಚೀಸ್ ಪೂರ್ತಿ ಬಿಟ್ಟಿತ್ತು.

ಅಜ್ಜಿ ನಿಲುವಂಗಿ ಹಾಕಿ, ಒದ್ದೆ ತಲೆಗೆ ವಸ್ತ್ರ ಕಟ್ಟಿಕೊಂಡಳು. ಮರದ ಕೆಳಗೆ ಅಮ್ಮ ಎದ್ದು ಕೂತು, “ಅಕ್ಕಾ! ಏನಾಯ್ತೇ?” ಎಂದಳು.

“ಟ್ರೇ ಜಾರಿ ಹೋಯ್ತು. ತರೋಕೆ ಹೋದೆ,” ಎಂದಳು ದೊಡ್ಡಮ್ಮ, ಜಡೆ ಹಿಂಡುತ್ತಾ. ನನ್ನತ್ತ ನೋಡಲಿಲ್ಲ. ಆದರೆ ಅಜ್ಜಿಯನ್ನು ಕೂರಿಸಿ, ಎದುರಿಗೇ ನಿಂತು, ತಣ್ಣನೆಯ ಕೋಳಿ ಎರಡು ತಟ್ಟೆ ತಿನ್ನಿಸಿದಳು.

“ಹೂಂ,” ಎಂದರು ದೊಡ್ಡಪ್ಪ, ಯಾರೂ ಏನೂ ಕೇಳದಿದ್ದರೂ.

ಆಗಸ್ಟ್ 16, ಶನಿವಾರ

ಹೊಟ್ಟೆನೋವು. ಮುಳುಗಲಿಲ್ಲ, ಆದರೆ ನಿಯಮಕ್ಕೆ ಏನೋ ಅರ್ಥವಿರಬಹುದು.

ಆಗಸ್ಟ್ 18, ಸೋಮವಾರ

ನಿನ್ನೆ ದೊಡ್ಡಮ್ಮ, ದೊಡ್ಡಪ್ಪ ತೊರಿನೊಗೆ ಹೊರಟರು. ಎರಡು ಸೂಟ್‌ಕೇಸ್‌ಗಳೂ ಹೊರಟವು, ಖಾಲಿ.

ಹಾಗಾದದ್ದು ಹೀಗೆ. ಬೆಳಿಗ್ಗೆ ಕಾಫಿ ಕುಡಿಯುವಾಗ ದೊಡ್ಡಮ್ಮ ನಿಂತುಹೋದ ಗಡಿಯಾರವನ್ನು ಕೈಯಲ್ಲಿ ತಿರುಗಿಸುತ್ತಾ, “ಬರೋ ಬೇಸಿಗೆವರೆಗೆ ಅಮ್ಮ ಇಲ್ಲೇ ಇರ್ಲಿ. ಆದ್ರೆ ಒಬ್ಬಳೇ ಬೇಡ. ಯಾರಾದ್ರೂ ಜೊತೆಗೆ ಇರೋದಾದ್ರೆ,” ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ಆಗ ನನ್ನ ಬಾಯಲ್ಲಿ ಒಂದು ಪೀಚ್ ಹಣ್ಣಿತ್ತು. ಬಾಯಿ ತುಂಬಿದ್ದರಿಂದ ಏನೂ ಹೇಳಲಾಗಲಿಲ್ಲ. ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡರು. ಇಂಥ ನ್ಯಾಯ ಲ್ಯಾಟಿನ್ ಮೇಷ್ಟ್ರೂ ಮಾಡಿರಲಿಲ್ಲ. ಶಾಲೆಗೆ ಇಲ್ಲಿಂದ ಎರಡು ಬಸ್ಸು ಬದಲಿಸಬೇಕು. ಮೇಲಿನ ಕೋರ್ಟಿಗೆ ಹೋಗುವ ಆಲೋಚನೆಯಿದೆ. ಸದ್ಯಕ್ಕೆ ನನ್ನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಎಳೆಯಲು ಬೀರು ಸರಿಸಬೇಕಾಯಿತು. ಹಿಂದಿದ್ದ ಗೀಟುಗಳನ್ನು ಕಂಡು ಒದ್ದೆ ಬಟ್ಟೆ ತಂದು ಒರೆಸಿದೆ. ಅಜ್ಜಿ ನೋಡಿದರೆ ಬಯ್ಯುತ್ತಾಳೆ.

ಚಿರತೆ ಬಾಲ್ಕನಿಯಲ್ಲಿ ಒಣಗುತ್ತಿದೆ. ಎದುರು ಮನೆಯ ಮುದುಕ ಇವತ್ತು ಎರಡು ಸಲ ಕನ್ನಡಕ ಒರೆಸಿಕೊಂಡ.

ಮಧ್ಯಾಹ್ನ ಇನ್ನೊಂದು ಪೀಚ್ ತಿನ್ನುತ್ತಾ ಕೂತು ಕಪ್ಪು ಅಂಚಿನ ಒಂದು ಪ್ರಕಟಣೆ ಬರೆದೆ: ‘ತಲೆತಲಾಂತರದಿಂದ ನಮ್ಮ ಮನೆತನವನ್ನು ಒಣಗಿಸಿ ಕಾಪಾಡಿದ ಮೂರು ಗಂಟೆಯ ನಿಯಮವು ಮಾರ್ತಿನ್ಯಾನೊ ಸರೋವರದಲ್ಲಿ ಮುಳುಗಿ ನಿಧನ ಹೊಂದಿತೆಂದು ತಿಳಿಸಲು ವಿಷಾದಿಸುತ್ತೇವೆ. ಹೂವಿನ ಬದಲು ಲಸಾನ್ಯಾ ಕಳುಹಿಸಿ.’ ಕೆಳಗೆ ವಠಾರದ ಬಾಗಿಲಿಗೆ ಅಂಟಿಸುವುದೆಂದು ಯೋಚನೆ. ಮೊದಲು ಅಜ್ಜಿಗೆ ತೋರಿಸಿದೆ.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ನಗಲಿಲ್ಲ. ನಾಲ್ಕಾಗಿ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡಳು.

“ಬೇಡ. ಅದು ಸತ್ತಿದೆ ಅಂತ ಗೊತ್ತಾದ್ರೆ ಬರೋ ವರ್ಷ ನಿಮ್ಮಮ್ಮ, ಗ್ವಾಲ್ತಿಯೆರೊ ಎಲ್ಲಾ ನೀರಿಗಿಳೀತಾರೆ. ನಮ್ಮ ಮೂರು ಜನಕ್ಕೆ ಜಾಗ ಎಲ್ಲಿ?”

ಗುರುಗಳ ಮಾತಿಗೆ ಎದುರಿಲ್ಲ. ಸೆಕೆ ತಡೆಯಲಾಗದೆ ತಲೆಗೆ ನೀರು ಹಾಕಿಕೊಳ್ಳೋಣವೆಂದು ಟವೆಲು ಹಿಡಿದು ಬಚ್ಚಲ ಕಡೆ ಹೊರಟೆ.

“ಎಲ್ಲಿಗೆ?”

“ಸ್ನಾನಕ್ಕೆ.”

“ಈಗ ತಾನೇ ಪೀಚ್ ತಿಂದೆಯಲ್ಲ. ಕೂತ್ಕೋ.”

ಕೂತುಕೊಂಡೆ.